ನಿತ್ಯದ ರೊಟ್ಟಿ, ಹಬ್ಬದ ರೊಟ್ಟಿ

ಹಬ್ಬಕ್ಕೂ ನಾಲಗೆಗೂ ಇರುವ ಸಂಬಂಧವನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ, ಯುಗಾದಿಗೆ ಬೇವು ಬೆಲ್ಲ ಮತ್ತು ಹೋಳಿಗೆ, ಗಣೇಶನ ಚೌತಿಗೆ ಕಡುಬು. ಹೀಗೆ ಪಂಚಾಂಗವನ್ನು ಕಣ್ಣಿನಿಂದ ಕಾಣದ ಕೂಸು ಕೂಡ ಅಡಿಗೆಯ ಮನೆಯಿಂದ ಬರುವ ಪರಿಮಳದಿಂದಲೇ ಇಂದು ಯಾವ ಹಬ್ಬವೆಂಬುದನ್ನು ಅರಿತುಕೊಳ್ಳುತ್ತದೆ. ಆದುದರಿಂದ ಪರದೇಶದ ಹಬ್ಬವೊಂದರ ಹೆಸರನ್ನು ಕೇಳಿದಾಗಲೂ ‘ಅಂದು ಅವರ ಮನೆಯಲ್ಲಿ ಏನು ಸಿಹಿ?’ ಎಂಬ ಪ್ರಶ್ನೆಯೇ ನಮ್ಮ ಬಾಯಿಗೆ ಮೊದಲು ಬರುವುದು ಸಹಜವಾಗಿದೆ.

ಇಂತಹುದೇ ಪ್ರಶ್ನೆಯನ್ನು ವಾಚಕ ಸೋದರಿಯೊಬ್ಬರು ಕಾಗದದಲ್ಲಿ ಬರೆದು ಕೇಳಿದ್ದಾರೆ. ಅವರ ಮಗಳ ಸಂಸಾರವು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ನೆಲಸಿದೆ. ಅಲ್ಲಿ ಮಾರ್ಚ್ ತಿಂಗಳ 17ನೆಯ ದಿನ ಸಂತ ಪ್ಯಾಟ್ರಿಕ್ಕನ ಹಬ್ಬ, ಪಾಠಶಾಲೆಗಳಿಗೆಲ್ಲ ರಜ. ಮೊಮ್ಮಕ್ಕಳು ಹಸುರು ಬಟ್ಟೆ ಬೇಕೆನ್ನುತ್ತವೆ, ಹಬ್ಬದ ತಿಂಡಿ ಬೇಕೆನ್ನುತ್ತವೆ. ಅಂಗಡಿಯಲ್ಲಿ ನೋಡಿದರೆ ಹಸುರು ಬಣ್ಣ ಬಳಿದ ಮಿಠಾಯಿಗಳು. ‘ಆ ದೇಶದವರು ತಮ್ಮ ಮನೆಗಳಲ್ಲಿ ಪರಂಪರೆಯಿಂದ ಮಾಡುತ್ತಿದ್ದುದು ಇದೇ ಏನು? ಅಲ್ಲವಾದರೆ ಯಾವುದು? ಈ ಸಲ ನಾನು ಅಲ್ಲಿಗೆ ಹೋದಾಗ ಮಕ್ಕಳಿಗೆ ಅದನ್ನೇ ಮಾಡಿಕೊಡಬೇಕೆಂದಿದ್ದೇನೆ’ ಎಂದು ಆಕೆ ಬರೆಯುತ್ತಾರೆ. ಅಂಗಡಿಯ ಮಿಠಾಯಿಯಿಂದ ತೃಪ್ತರಾಗದೆ ಅದರ ಹಿಂದಿನ ಮನೆಯನ್ನು ವಿಚಾರಿಸುವ ಈ ಬುದ್ಧಿಯು ಪ್ರಶಂಸನೀಯವಾದುದು. ಉತ್ತರವೂ ಸ್ವಲ್ಪ ವಿಸ್ತಾರವಾಗಿಯೇ ಇರತಕ್ಕುದು.

ಸಂಕ್ಷೇಪವಾಗಿ ಹೇಳುವುದಾದರೆ, ಯುಗಾದಿಗೆ ಹೋಳಿಗೆಯಿರುವಂತೆ ಪ್ಯಾಟ್ರಿಕ್ಕನ ಹಬ್ಬಕ್ಕೆ ಗೊತ್ತಾದ ಸಿಹಿಯೊಂದು ಹಳೆಯ ಐರ್ಲೆಂಡಿನಲ್ಲಿ ಇರಲಿಲ್ಲ. ಏಕೆ ಇರಲಿಲ್ಲವೆಂಬುದನ್ನು ತಿಳಿದರೆ ಆ ಜನರ ಚರಿತ್ರೆಯ ಬಹುಭಾಗವು ತಿಳಿದಂತಾಗುವುದು. ಅದಿಲ್ಲದ ಮನೆಯಲ್ಲಿ ಗೃಹಿಣಿಯು ಹಬ್ಬವನ್ನು ಹೇಗೆ ಮಾಡುತ್ತಿದ್ದಳೆಂಬುದನ್ನು ತಿಳಿದರೆ ನಮಗೂ ಒಂದು ಪಾಠವುಂಟು.

ಮೊದಲು ಈ ಪ್ಯಾಟ್ರಿಕ್ ಯಾರೆಂಬುದನ್ನು ನೋಡೋಣ. ಕ್ರಿಸ್ತಶಕ 5ನೆಯ ಶತಮಾನದವನಾದ ಈತನು ಹುಟ್ಟಿನಿಂದ ಐರಿಷನಲ್ಲ; ಬ್ರಿಟನ್ ದೇಶದವನು. ಈತನು ಲ್ಯಾಟಿನ್ ಭಾಷೆಯಲ್ಲಿ ಬರೆದ ಆತ್ಮನಿವೇದನೆಯೊಂದು ಇಂದಿಗೂ ಉಳಿದುಬಂದಿದೆ. ಸುಮಾರು ಹದಿನಾರರ ಹರೆಯದಲ್ಲಿ ತನ್ನನ್ನು ಕಡಲುಗಳ್ಳರು ಹಿಡಿದು ಐರ್ಲೆಂಡಿಗೆ ಒಯ್ದರೆಂದೂ, ಆರು ವರ್ಷ ಕಾಲ ಗುಲಾಮನಾಗಿ ದನಕುರಿಗಳನ್ನು ಮೇಯಿಸಿದೆನೆಂದೂ, ಬಳಿಕ ತಪ್ಪಿಸಿಕೊಂಡು ಹಡಗನ್ನೇರಿದೆನೆಂದೂ ಆತನೇ ಹೇಳಿಕೊಂಡಿದ್ದಾನೆ. ಹಡಗಿನಿಂದಿಳಿದ ಮೇಲೆ ಇಪ್ಪತ್ತೆಂಟು ದಿನ ನಿರ್ಜನ ಪ್ರದೇಶದಲ್ಲಿ ನಡೆಯಬೇಕಾಯಿತು. ಅನ್ನವಿಲ್ಲದೆ ಜನರು ದಾರಿಯಲ್ಲಿ ಬೀಳುವ ಸ್ಥಿತಿ ಬಂದಿತು. ಆಗ ಆತನ ಪ್ರಾರ್ಥನೆಯ ತರುವಾಯ ಹಂದಿಗಳ ಹಿಂಡೊಂದು ಎದುರಾಯಿತು. ಹಸಿದವರು ತಿಂದು ಬದುಕಿಕೊಂಡರು. ಅವರಿಗೆ ಕಾಡುಜೇನೂ ದೊರೆಯಿತು. ಆದರೆ ಅದು ಬೇರೆ ದೇವತೆಗೆ ನಿವೇದಿಸಿದುದೆಂದು ಒಬ್ಬನು ಹೇಳಲಾಗಿ, ಅಷ್ಟು ದಿನ ಹಸಿದಿದ್ದ ಪ್ಯಾಟ್ರಿಕ್ಕನು ಅದರ ರುಚಿಯನ್ನೂ ನೋಡಲಿಲ್ಲವಂತೆ. ಸಿಹಿಯೊಂದನ್ನು ಕೈಬಿಟ್ಟವನ ಹೆಸರಿನಲ್ಲಿ ಈಗ ಲೋಕವೆಲ್ಲ ಮಿಠಾಯಿ ಮಾರುವುದು ವಿನೋದವಲ್ಲವೆ? ಈತನು ಬಳಿಕ ಧರ್ಮಗುರುವಾಗಿ, ತನ್ನನ್ನು ಗುಲಾಮನನ್ನಾಗಿ ಮಾಡಿಕೊಂಡ ದೇಶಕ್ಕೇ ಉಪದೇಶಕ್ಕಾಗಿ ಹಿಂದಿರುಗಿ ಬಂದನು. ಮೂರೆಲೆಯ ಶ್ಯಾಮ್‌ರಾಕ್ ಸೊಪ್ಪನ್ನು ತೋರಿಸಿ ತ್ರಿಮೂರ್ತ್ಯಾತ್ಮಕನಾದ ಏಕದೇವನನ್ನು ವಿವರಿಸಿದನೆಂಬ ಕಥೆಯು ಪ್ರಸಿದ್ಧವಾಗಿದ್ದರೂ ಅದು ಆತನ ಬರೆಹದಲ್ಲಿಲ್ಲ. ಪುಸ್ತಕಗಳಲ್ಲಿ ಅದು ಕಾಣಿಸಿಕೊಳ್ಳುವುದು 18ನೆಯ ಶತಮಾನದಲ್ಲಿ.

ಇನ್ನು ಹಬ್ಬವು ಬೀಳುವ ಕಾಲವನ್ನು ಗಮನಿಸಬೇಕು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳು ಕ್ರೈಸ್ತರಿಗೆ ವ್ರತದ ದಿನಗಳು. ನಮ್ಮ ನಾಡಿನ ಕ್ರೈಸ್ತರು ಇದನ್ನು ತಪಸ್ಸುಕಾಲವೆನ್ನುತ್ತಾರೆ. ಈಸ್ಟರ್ ಯಾವ ವರ್ಷ ಎಷ್ಟು ಹಿಂದುಮುಂದಾಗಿ ಬಂದರೂ ಮಾರ್ಚ್ 17 ಈ ವ್ರತದೊಳಗೇ ಬೀಳುತ್ತದೆ. ಹಿಂದಿನ ಐರಿಷರು ಈ ವ್ರತವನ್ನು ಬಹು ಕಠಿಣವಾಗಿ ಆಚರಿಸುತ್ತಿದ್ದರು. ಮಾಂಸವಂತೂ ಸರಿಯೇ, ಬಹುಕಾಲದವರೆಗೆ ಮೊಟ್ಟೆ, ಹಾಲು, ಬೆಣ್ಣೆಗಳೂ ವರ್ಜ್ಯವಾಗಿದ್ದುವು. ಚಳಿಗಾಲವು ಮುಗಿಯುತ್ತ ಕಣಜವು ಬರಿದಾಗುತ್ತಿರುವ ತಿಂಗಳು. ಅದರ ಮೇಲೆ ವ್ರತ. ಈ ನಡುವೆ ನಾಡಿನ ಸಂತನ ದಿನವೆಂದು ಒಂದು ದಿನದ ಮಟ್ಟಿಗೆ ನಿಯಮವನ್ನು ಸಡಿಲಿಸುತ್ತಿದ್ದರು. ಅಂದು ಮಾಂಸವನ್ನು ತಿನ್ನಬಹುದಾಗಿತ್ತು. ದೊಡ್ಡವರು ಮದ್ಯವನ್ನು ಕುಡಿದು, ಕೊನೆಯ ಬಟ್ಟಲಿನಲ್ಲಿ ತಾವು ತೊಟ್ಟಿದ್ದ ಶ್ಯಾಮ್‌ರಾಕ್ ಸೊಪ್ಪನ್ನು ಮುಳುಗಿಸುತ್ತಿದ್ದರು. ಹೀಗೆ ಆ ಹಬ್ಬದ ರುಚಿಯು ಯಾವುದೋ ಒಂದು ಭಕ್ಷ್ಯದಲ್ಲಿರಲಿಲ್ಲ. ‘ಇಂದು ಅಪ್ಪಣೆಯುಂಟು’ ಎಂಬ ಮಾತಿನಲ್ಲಿತ್ತು. ಏಕಾದಶಿಯ ಮರುದಿನದ ಪಾರಣೆಯ ರುಚಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುವುದು. 1903ರಲ್ಲಿ ಈ ದಿನವು ಕಾನೂನಿನ ಪ್ರಕಾರ ದೇಶಕ್ಕೆಲ್ಲ ರಜಾದಿನವಾಯಿತು. ಸ್ವತಂತ್ರ ಐರ್ಲೆಂಡಿನಲ್ಲಿ 1920ರ ದಶಕದಿಂದ 1960ರವರೆಗೆ ಅಂದು ಮದ್ಯದಂಗಡಿಗಳು ಮುಚ್ಚಿರುತ್ತಿದ್ದುವೆಂಬುದನ್ನು ಕೇಳಿದರೆ, ಇಂದಿನ ಕೋಲಾಹಲವನ್ನಷ್ಟೇ ಕಂಡವರು ಬೆರಗಾದಾರು.

ಹಾಗಾದರೆ ಅವರ ನಿತ್ಯದ ಊಟವೇನು? ಐರ್ಲೆಂಡು ಮೊದಲಿನಿಂದಲೂ ಗೋವುಗಳ ನಾಡು. ಸಂಸ್ಕೃತವನ್ನು ಓದಿದವರಿಗೆ ಇಲ್ಲೊಂದು ಸಂತೋಷದ ಸಂಗತಿಯುಂಟು. ಐರಿಷ್ ಭಾಷೆಯಲ್ಲಿ ಹಸುವಿಗೆ ‘ಬೋ’ ಎಂದು ಹೆಸರು. ನಮ್ಮ ‘ಗೋ’ ಶಬ್ದವೂ ಇದೂ ಒಂದೇ ಮೂಲದಿಂದ ಬಂದ ಸೋದರಶಬ್ದಗಳು. ಅವರಲ್ಲಿ ದಾರಿಗೆ ಹೇಳುವ ‘ಬೋಹರ್’ ಎಂಬ ಮಾತೂ ಹುಡುಗನಿಗೆ ಹೇಳುವ ‘ಬೂಅಖಿಲ್’ ಎಂಬ ಮಾತೂ ಈ ‘ಬೋ’ ಶಬ್ದದಿಂದಲೇ ಹುಟ್ಟಿದುವು. ಎರಡನೆಯದರ ಮೂಲಾರ್ಥವು ಗೋವಳನೆಂದೇ ಆಗಿದೆ. ಜೇನಿನಿಂದ ಮಾಡುವ ಪಾನೀಯಕ್ಕೆ ಅವರಲ್ಲಿರುವ ಹಳೆಯ ಹೆಸರು ನಮ್ಮ ‘ಮಧು’ ಶಬ್ದದ ಒಡಹುಟ್ಟು. ಗೋಷ್ಠಿ, ಗೋತ್ರ, ಗವಾಕ್ಷಗಳೆಂದು ಮಾತುಮಾತಿಗೂ ಹಸುವನ್ನು ನೆನೆಯುವ ನಮಗೆ ಈ ಜನರು ತೀರ ಪರಕೀಯರೆಂದು ತೋರುವುದಿಲ್ಲ. ಹಾಲು, ಮೊಸರು, ಬೆಣ್ಣೆ, ಮಜ್ಜಿಗೆ, ಗಿಣ್ಣು ಇವೇ ಹಿಂದೆ ಅವರ ಮುಖ್ಯಾಹಾರ. ಇವಕ್ಕೆ ‘ಬಿಳಿಯ ಆಹಾರ’ವೆಂದು ಹೆಸರಿತ್ತು. ಜೌಗುನೆಲದಲ್ಲಿ ಹೂತಿಟ್ಟ ಬೆಣ್ಣೆಯ ಮರದ ಪಾತ್ರೆಗಳು ಸಾವಿರಾರು ವರ್ಷಗಳ ಮೇಲೆ ಇಂದಿಗೂ ಅಗೆಯುವವರಿಗೆ ಸಿಕ್ಕುತ್ತಿರುವುವು.

ಆದರೆ ಕಾಲಕ್ರಮದಲ್ಲಿ ಭೂಮಿಯು ಪರರ ವಶವಾಯಿತು. ಹಸುವೂ ಬೆಣ್ಣೆಯೂ ಗೇಣಿಯ ಹಣಕ್ಕಾಗಿ ಪೇಟೆಯ ದಾರಿ ಹಿಡಿದುವು. ಬಡವನಿಗೆ ಉಳಿದುದು ತುಂಡುನೆಲ, ಅದರಲ್ಲಿ ಬೆಳೆವ ಆಲೂಗೆಡ್ಡೆ, ಬೆಣ್ಣೆ ತೆಗೆದ ಮಜ್ಜಿಗೆ. 19ನೆಯ ಶತಮಾನದ ಆರಂಭದ ವೇಳೆಗೆ ಕೂಲಿಯವನೊಬ್ಬನು ದಿನಕ್ಕೆ ಐದಾರು ಕಿಲೋ ಆಲೂಗೆಡ್ಡೆಯನ್ನು ತಿನ್ನುತ್ತಿದ್ದನು. ಬೇರೆ ಆಹಾರವು ಅವನಿಗೆ ಇಲ್ಲವೆನ್ನುವಷ್ಟು ಕಡಮೆ. ಆ ಗೆಡ್ಡೆಯನ್ನು ನೆಡಲು ಆರಂಭಿಸುವುದಕ್ಕೆ ಗೊತ್ತಾದ ದಿನವು ಇದೇ ಪ್ಯಾಟ್ರಿಕ್ಕನ ಹಬ್ಬವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಹಬ್ಬದ ದಿನ ನೆಲಕ್ಕೆ ಹಾಕಿದುದೇ ವರ್ಷವೆಲ್ಲ ಮನೆಯ ಪ್ರಾಣವನ್ನು ಉಳಿಸಬೇಕಾಗಿತ್ತು.

1845ರಲ್ಲಿ ಈ ಬೆಳೆಗೆ ಅಂಗಮಾರಿ ರೋಗವು ತಗಲಿತು. ಹೊಲದಲ್ಲಿ ಹಸುರಾಗಿದ್ದ ಗಿಡಗಳು ಕೆಲವೇ ದಿನಗಳಲ್ಲಿ ಕಪ್ಪಾಗಿ ಕೊಳೆತುವು. ಅಗೆದಿಟ್ಟ ಗೆಡ್ಡೆಗಳೂ ನಾರುವ ಮುದ್ದೆಯಾದುವು. ಮುಂದಿನ ವರ್ಷ ಇನ್ನೂ ಘೋರವಾಯಿತು. 1852ರವರೆಗೆ ನಡೆದ ಈ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವಿನಿಂದಲೂ ರೋಗದಿಂದಲೂ ಸತ್ತರು. ಮತ್ತೆ ಹತ್ತು ಲಕ್ಷಕ್ಕೆ ಕಡಮೆಯಿಲ್ಲದ ಜನರು ಹಡಗನ್ನೇರಿ ದೇಶವನ್ನು ಬಿಟ್ಟರು. ಅದೇ ಕಾಲದಲ್ಲಿ ಧಾನ್ಯವೂ ದನಗಳೂ ಬೆಣ್ಣೆಯೂ ಐರ್ಲೆಂಡಿನ ಬಂದರುಗಳಿಂದ ಹೊರದೇಶಕ್ಕೆ ಹೋಗುತ್ತಲೇ ಇದ್ದುವು. 1841ರ ಜನಗಣತಿಯಲ್ಲಿ 81 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆಯು 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಇಂದಿಗೂ ಇಡೀ ದ್ವೀಪದಲ್ಲಿರುವ ಜನರು ಸುಮಾರು 70 ಲಕ್ಷವಷ್ಟೇ. ಎಂದರೆ ನೂರೆಂಬತ್ತು ವರ್ಷಗಳಾದರೂ ಆ ಹಳೆಯ ಸಂಖ್ಯೆ ಇನ್ನೂ ತುಂಬಿಲ್ಲ. ಈ ಸಂಕಟಕ್ಕೆ ಮೊದಮೊದಲು ನೆರವು ಕಳುಹಿಸಿದ ದೊಡ್ಡ ಊರುಗಳಲ್ಲಿ ನಮ್ಮ ದೇಶದ ಕಲ್ಕತ್ತೆಯೂ ಒಂದೆಂಬುದು ಸ್ಮರಣೀಯವಾಗಿದೆ. ಅಲ್ಲಿ 1846ರ ಆದಿಯಲ್ಲಿ ಏರ್ಪಟ್ಟ ನಿಧಿಯ ಮೂಲಕ ಸುಮಾರು 14,000 ಪೌಂಡು ಐರ್ಲೆಂಡಿಗೆ ಸಂದಿತು. ಇಲ್ಲಿಯ ಸೈನ್ಯದಲ್ಲಿದ್ದ ಐರಿಷರೂ ಅದಕ್ಕೆ ತಮ್ಮ ಸಂಬಳದಿಂದ ಕೊಟ್ಟರು.

ಹಡಗನ್ನೇರಿದವರಲ್ಲಿ ಬಹುಮಂದಿ ಅಮೆರಿಕವನ್ನು ಸೇರಿದರು. ನ್ಯೂಯಾರ್ಕಿನಲ್ಲಿ ಪ್ಯಾಟ್ರಿಕ್ಕನ ದಿನದ ಮೆರವಣಿಗೆಯು 1762ರಷ್ಟು ಹಿಂದೆಯೇ ಆರಂಭವಾಗಿತ್ತು. ಕ್ಷಾಮದ ತರುವಾಯ ಬಂದವರಿಂದ ಅದು ಮಹೋತ್ಸವವಾಯಿತು. ಅಂದಿನ ಊಟವೆಂದು ಈಗ ಲೋಕಪ್ರಸಿದ್ಧವಾಗಿರುವುದು ಉಪ್ಪುಹಾಕಿದ ದನದ ಮಾಂಸ ಮತ್ತು ಎಲೆಕೋಸು. ಮಾಂಸದ ಮಾತು ನಮ್ಮಲ್ಲಿ ಕೆಲವರಿಗೆ ರುಚಿಸದು. ಅವರು ಇದನ್ನು ಚರಿತ್ರೆಯೆಂದು ಓದಿಕೊಳ್ಳಬೇಕು. ಈ ಮಾಂಸವನ್ನು ಹದಮಾಡಿ ಹಡಗುಗಳಿಗೆ ತುಂಬುತ್ತಿದ್ದುದು ಹಿಂದೆ ಐರ್ಲೆಂಡಿನ ಕಾರ್ಕ್ ನಗರವೇ. 1660ರ ದಶಕದಲ್ಲಿ ಇಂಗ್ಲೆಂಡಿನವರು ಐರ್ಲೆಂಡಿನಿಂದ ಜೀವಂತ ದನಗಳು ಬರಕೂಡದೆಂದು ಶಾಸನ ಮಾಡಲಾಗಿ, ಅಲ್ಲಿಯ ವರ್ತಕರು ಮಾಂಸವನ್ನು ಉಪ್ಪಿನಲ್ಲಿಟ್ಟು ಪೀಪಾಯಿಗಳಲ್ಲಿ ದೂರದೇಶಗಳಿಗೆ ಕಳುಹಿಸತೊಡಗಿದರು. ಆದರೆ ಅದನ್ನು ಸಿದ್ಧಪಡಿಸಿದ ನಾಡಿನ ಬಡವನು ಅದನ್ನು ತಿನ್ನಲಾರದವನಾಗಿದ್ದನು. ಅವನ ಮನೆಯಲ್ಲಿ ಹಬ್ಬಕ್ಕೆ ಸಿಕ್ಕುತ್ತಿದ್ದುದು ತಾನೇ ಸಾಕಿದ ಹಂದಿಯ ಒಂದು ತುಂಡು. ನ್ಯೂಯಾರ್ಕಿನ ಬಡಬೀದಿಗಳಲ್ಲಿ ನೆರೆಯವರಾಗಿದ್ದ ಯೆಹೂದ್ಯರ ಅಂಗಡಿಯಲ್ಲಿ ಉಪ್ಪುಹಾಕಿದ ದನದ ಮಾಂಸವು ಅಗ್ಗವಾಗಿ ದೊರೆಯಿತು. ಎಲೆಕೋಸು ಅದಕ್ಕಿಂತ ಅಗ್ಗ. ಹೀಗೆ ವಲಸೆ ಬಂದ ಗೃಹಿಣಿಯು ಕೈಗೆಟಕಿದುದರಿಂದ ಹಬ್ಬ ಮಾಡಿದಳು. ಅವಳ ಮೊಮ್ಮಕ್ಕಳು ಅದನ್ನೇ ಪುರಾತನವಾದ ಐರಿಷ್ ಭೋಜನವೆಂದು ತಿಳಿದರು.

ಇದನ್ನು ಕೇಳಿ, ಅಮೆರಿಕದವರದು ಸುಳ್ಳು ಸಂಪ್ರದಾಯವೆಂದು ನಗುವವರುಂಟು. ನನಗೆ ಹಾಗೆ ತೋರುವುದಿಲ್ಲ. ಊರಿನಲ್ಲಿ ಹಸಿದಿದ್ದವಳು ಪರದೇಶದಲ್ಲಿ ತನ್ನ ಮಕ್ಕಳಿಗೆ ಹೊಟ್ಟೆ ತುಂಬ ಬಡಿಸಿದಳು. ಆ ತೃಪ್ತಿಯ ನೆನಪು ಹಬ್ಬವಾಯಿತು. ಅದು ಅವರ ಮಟ್ಟಿಗೆ ಸತ್ಯವೇ. ಆದರೆ ನದಿಯ ನೀರಿಗೆ ಹಸುರು ಬಣ್ಣ ಹಾಕುವುದು (ಶಿಕಾಗೋ ನಗರದಲ್ಲಿ 1962ರಿಂದ ಇದು ನಡೆದಿದೆ), ಮಿಠಾಯಿಗೆ ಹಸುರು ಬಳಿಯುವುದು ಇವು ಬೇರೆ ಮಾತು. ಅವುಗಳಲ್ಲಿ ವಿನೋದವುಂಟು, ಯಾವ ಮನೆಯ ನೆನಪೂ ಇಲ್ಲ.

ಈಗ ನಮ್ಮ ಸೋದರಿಯು ಕೇಳಿದ ಸಿಹಿಯ ವಿಷಯಕ್ಕೆ ಬರುತ್ತೇನೆ. ಐರ್ಲೆಂಡಿನ ಗೋಧಿಯು ಮೆದುವಾದುದು. ಹುದುಗು ಹಾಕಿ ಉಬ್ಬಿಸುವ ರೊಟ್ಟಿಗೆ ಬೇಕಾದ ಅಂಟು ಅದರಲ್ಲಿ ಸಾಲದು. 1830ರ ದಶಕದಿಂದೀಚೆಗೆ ಅಡಿಗೆ ಸೋಡಾ ಅಲ್ಲಿಯ ಮನೆಗಳಲ್ಲಿ ಬಳಕೆಗೆ ಬಂದಿತು. ಮಜ್ಜಿಗೆಯಂತೂ ಮನೆಯಲ್ಲಿ ಇದ್ದೇ ಇತ್ತು. ಮಜ್ಜಿಗೆಯ ಹುಳಿಯು ಸೋಡಾದೊಡನೆ ಸೇರಿದೊಡನೆ ವಾಯುವು ಹುಟ್ಟಿ ಹಿಟ್ಟನ್ನು ಉಬ್ಬಿಸುತ್ತದೆ. ಹುದುಗು ಬೇಡ, ಗಂಟೆಗಟ್ಟಲೆ ಕಾಯುವುದು ಬೇಡ. ಒಲೆಗೂಡು ಇಲ್ಲದ ಗುಡಿಸಲುಗಳಲ್ಲಿ ಬೀಡುಕಬ್ಬಿಣದ ದಪ್ಪ ಪಾತ್ರೆಯನ್ನು ಬೆಂಕಿಯ ಮೇಲೆ ತೂಗಹಾಕಿ, ಒಳಗೆ ಹಿಟ್ಟನ್ನಿಟ್ಟು, ಮುಚ್ಚಳದ ಮೇಲೂ ಕೆಂಡವನ್ನು ಹರಡಿ ಬೇಯಿಸುತ್ತಿದ್ದರು. ಉರುವಲು ಜೌಗುನೆಲದಿಂದ ಕಡಿದು ಒಣಗಿಸಿದ ಕರಿಯ ಮಣ್ಣಿನ ಹೆಂಟೆ. ರೊಟ್ಟಿಯ ಮೇಲೆ ಚೂರಿಯಿಂದ ಶಿಲುಬೆಯಾಕಾರದ ಗೀಟನ್ನು ಹಾಕುವುದು ಪದ್ಧತಿ. ಭಕ್ತರು ಇದನ್ನು ಆಶೀರ್ವಾದವೆಂದರು. ಅಜ್ಜಿಯರು ಒಳಗಿರುವ ಯಕ್ಷಿಣಿಯರು ಹೊರಗೆ ಹೋಗಲು ದಾರಿಯೆಂದರು. ಅಡಿಗೆ ಬಲ್ಲವರು ನಡುಭಾಗಕ್ಕೆ ಕಾವು ತಲಪುವ ಉಪಾಯವೆನ್ನುತ್ತಾರೆ. ಮೂರು ಅರ್ಥಗಳೂ ಒಂದೇ ಗೀಟಿನಲ್ಲಿ ವಿರೋಧವಿಲ್ಲದೆ ವಾಸಮಾಡಿಕೊಂಡಿವೆ.

ಇದು ನಿತ್ಯದ ರೊಟ್ಟಿ. ಭಾನುವಾರ ಬಂದರೆ, ಕುಯ್ಲಿನ ಆಳುಗಳಿಗೆ ತಿಂಡಿ ಕೊಡಬೇಕಾದರೆ, ಹಬ್ಬ ಬಂದರೆ, ಗೃಹಿಣಿಯು ಇದೇ ಹಿಟ್ಟಿಗೆ ಒಂದು ಹಿಡಿ ಒಣದ್ರಾಕ್ಷಿಯನ್ನೂ ಒಂದು ಚಮಚ ಸಕ್ಕರೆಯನ್ನೂ, ಇದ್ದರೆ ಒಂದು ಮೊಟ್ಟೆಯನ್ನೂ ಸೇರಿಸುತ್ತಿದ್ದಳು. ಅಷ್ಟರಿಂದಲೇ ನಿತ್ಯದ ರೊಟ್ಟಿಯು ಹಬ್ಬದ ರೊಟ್ಟಿಯಾಯಿತು. ಬಿಳಿಯ ಹಿಟ್ಟಿನಲ್ಲಿ ಕಪ್ಪು ದ್ರಾಕ್ಷಿ ಕಾಣುವುದರಿಂದ ಕೆಲವೆಡೆ ಇದಕ್ಕೆ ‘ಚುಕ್ಕೆಯ ನಾಯಿ’ ಎಂದು ತಮಾಷೆಯ ಹೆಸರುಂಟು. ಪ್ಯಾಟ್ರಿಕ್ಕನ ಹಬ್ಬಕ್ಕೆ ಗೊತ್ತಾದ ಸಿಹಿಯೊಂದಿಲ್ಲವೆಂದೆನಷ್ಟೆ. ಆದರೆ ಆ ಮನೆಗಳ ಹಬ್ಬದ ಸಿಹಿ ಯಾವುದೆಂದು ನನ್ನನ್ನು ಕೇಳಿದರೆ ಇದನ್ನೇ ಹೇಳುವೆನು.

ಮಾಡುವ ಕ್ರಮ ಹೀಗಿದೆ. ಮೈದಾಹಿಟ್ಟು 450 ಗ್ರಾಂ. ಬೇಕಾದರೆ ಇದರಲ್ಲಿ ಮೂರನೆಯ ಒಂದು ಪಾಲು ಗೋಧಿಹಿಟ್ಟಾಗಿರಬಹುದು. ಅಡಿಗೆ ಸೋಡಾ ಮಟ್ಟಸವಾಗಿ ಒಂದು ಟೀ ಚಮಚ. ಗಂಟಿಲ್ಲದಂತೆ ಜರಡಿಯಾಡಿ ಹಿಟ್ಟಿನಲ್ಲಿ ಬೆರಸತಕ್ಕುದು. ಸೋಡಾ ಹೆಚ್ಚಾದರೆ ರೊಟ್ಟಿಯು ಹಳದಿಯಾಗಿ ಸಬ್ಬಿನ ವಾಸನೆ ಹೊಡೆಯುವುದು. ಉಪ್ಪು ಒಂದು ಟೀ ಚಮಚ, ಸಕ್ಕರೆ ಒಂದೆರಡು ದೊಡ್ಡ ಚಮಚ, ಒಣದ್ರಾಕ್ಷಿ 100 ಗ್ರಾಂ. ಇವೆಲ್ಲ ಒಣಗಿರುವಾಗಲೇ ಬೆರಸಿ, ನಡುವೆ ಗುಳಿ ಮಾಡಿ, ಹುಳಿಯಾದ ಗಟ್ಟಿ ಮಜ್ಜಿಗೆಯನ್ನು 350ರಿಂದ 400 ಮಿಲಿಲೀಟರಿನಷ್ಟು ಸುರಿದು, ಬೆರಳುಗಳಿಂದ ಒಂದುಗೂಡಿಸಬೇಕು. ಚಪಾತಿಯ ಹಿಟ್ಟಿನಂತೆ ನಾದಕೂಡದು. ನಾದಿದರೆ ರೊಟ್ಟಿಯು ಗಡುಸಾಗುವುದು. ತಡವನ್ನೂ ಮಾಡಕೂಡದು, ಮಜ್ಜಿಗೆ ಬಿದ್ದ ಕ್ಷಣದಿಂದಲೇ ವಾಯುವು ಹುಟ್ಟಿ ಹೋಗತೊಡಗುತ್ತದೆ. ನಾಲ್ಕು ಬೆರಳು ದಪ್ಪವಾದ ಗುಂಡನೆಯ ರೊಟ್ಟಿಯಾಗಿ ತಟ್ಟಿ, ಮೇಲೆ ಆಳವಾಗಿ ಗೀಟುಹಾಕಿ, ಚೆನ್ನಾಗಿ ಕಾದ ಓವನ್ನಿನಲ್ಲಿ 220 ಡಿಗ್ರಿ ಶಾಖದಲ್ಲಿ ಒಂದು ಕಾಲುಗಂಟೆ, ಬಳಿಕ 200 ಡಿಗ್ರಿಯಲ್ಲಿ ಇಪ್ಪತ್ತೈದು ಮೂವತ್ತು ನಿಮಿಷ ಬೇಯಿಸಬೇಕು. ಅಡಿಭಾಗವನ್ನು ಬೆರಳ ಗಿಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಬಟ್ಟೆಯಲ್ಲಿ ಸುತ್ತಿಟ್ಟರೆ ಮೇಲ್ಪದರವು ಮೆತ್ತಗಾಗುವುದು. ಅಂದೇ ಕುಯ್ದು ಬೆಣ್ಣೆ ಸವರಿ ತಿನ್ನುವುದು ಲೇಸು. ಮರುದಿನಕ್ಕೆ ಉಳಿದುದನ್ನು ಕಾವಲಿಯ ಮೇಲೆ ಬಿಸಿಮಾಡಬಹುದು.

ಓವನ್ ಇಲ್ಲದ ಮನೆಯವರು ನಿರಾಶರಾಗಬೇಕಾದುದಿಲ್ಲ. ಐರ್ಲೆಂಡಿನ ಉತ್ತರಭಾಗದಲ್ಲಿ ಇದೇ ಹಿಟ್ಟನ್ನು ಹೆಬ್ಬೆರಳಿನ ದಪ್ಪಕ್ಕೆ ತಟ್ಟಿ, ನಾಲ್ಕು ಪಾಲು ಮಾಡಿ, ಕಬ್ಬಿಣದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ಎಂಟು ಹತ್ತು ನಿಮಿಷದಂತೆ ಬೇಯಿಸುತ್ತಾರೆ. ನಮ್ಮ ದೋಸೆಯ ಕಾವಲಿಯು ಈ ಕೆಲಸಕ್ಕೆ ಸಂಪೂರ್ಣವಾಗಿ ಯೋಗ್ಯವಾದುದು.

ಇನ್ನೆರಡು ಸಿಹಿಗಳನ್ನು ಸೂಚಿಸಿ ಬಿಡುತ್ತೇನೆ. ಪ್ಯಾಟ್ರಿಕ್ಕನ ಮುಖ್ಯಪೀಠವಾದ ಆರ್ಮಾ ಎಂಬ ಸೀಮೆಯು ಸೇಬಿನ ತೋಟಗಳಿಗೆ ಹೆಸರಾಗಿದೆ. ಬೇಯಿಸಿ ಪುಡಿಮಾಡಿದ ಆಲೂಗೆಡ್ಡೆಗೆ ಬೆಣ್ಣೆಯನ್ನೂ ಹಿಡಿಸಿದಷ್ಟು ಹಿಟ್ಟನ್ನೂ ಸೇರಿಸಿ ಕಣಕ ಮಾಡಿ, ಒಳಗೆ ಹುಳಿಸೇಬಿನ ಹೋಳುಗಳನ್ನಿಟ್ಟು ಮಡಿಚಿ, ಕಾವಲಿಯ ಮೇಲೆ ಬೇಯಿಸುವುದು ಆ ಕಡೆಯ ವಾಡಿಕೆ. ಬೆಂದ ಮೇಲೆ ಮೇಲ್ಪದರವನ್ನು ಬಿಡಿಸಿ, ಸೇಬಿನ ಮೇಲೆ ಸಕ್ಕರೆ ಬೆಣ್ಣೆಗಳನ್ನಿಟ್ಟು ಮತ್ತೆ ಮುಚ್ಚಿದರೆ ಒಳಗೇ ಪಾಕವಾಗುವುದು. ಕಡುಬನ್ನು ಬಲ್ಲ ಕೈಗೆ ಇದು ಕಷ್ಟವಲ್ಲ. ಇದು ವಿಶೇಷವಾಗಿ ಅಕ್ಟೋಬರ್ ಕೊನೆಯ ಹಬ್ಬದ ತಿಂಡಿಯಾದರೂ, ಹುಳಿಸೇಬು ಚಳಿಗಾಲವೆಲ್ಲ ಕೆಡದೆ ನಿಲ್ಲುವುದರಿಂದ ಮಾರ್ಚಿಗೂ ಅಡ್ಡಿಯಿಲ್ಲ. ಇನ್ನೊಂದು, ಪಶ್ಚಿಮದ ಕಡಲದಂಡೆಯ ಬಂಡೆಗಳ ಮೇಲೆ ಬೆಳೆಯುವ ಕ್ಯಾರಗೀನ್ ಎಂಬ ಪಾಚಿಯಿಂದ ಆಗುವುದು. ಅದನ್ನು ಬಿಸಿಲಿನಲ್ಲಿ ಒಣಗಿಸಿಟ್ಟುಕೊಂಡು, ಹಿಡಿಯಷ್ಟನ್ನು ಹಾಲಿನಲ್ಲಿ ಕುದಿಸಿ ಸೋಸಿ ಸಕ್ಕರೆ ಹಾಕಿ ಆರಲು ಬಿಟ್ಟರೆ ನಡುಗುವ ಬೆಳ್ಳಗಿನ ಗಟ್ಟಿಯಾಗುವುದು. ನಮ್ಮವರು ಚೈನಾಗ್ರಾಸಿನಿಂದ ಮಾಡುವ ಹಾಲಿನ ಸಿಹಿಯನ್ನು ತಿಂದವರಿಗೆ ಇದರ ಸ್ವರೂಪವು ತಿಳಿಯುವುದು. ಕಡಲಿನ ಪಾಚಿಯೂ ಒಂದು ಚೊಂಬು ಹಾಲೂ, ಇವಿಷ್ಟರಿಂದ ಬಡಮನೆಯಲ್ಲಿ ಮಕ್ಕಳಿಗೆ ಹಬ್ಬವಾಗುತ್ತಿತ್ತು.

ಈ ಸಂಗತಿಗಳೆಲ್ಲ ಇಂದು ನಮಗೆ ತಿಳಿಯುವುದು ಹೇಗೆ? ರಾಜರ ಶಾಸನಗಳಲ್ಲಿ ಒಣದ್ರಾಕ್ಷಿಯ ಹಿಡಿಯನ್ನು ಯಾರೂ ಬರೆದಿಡುವುದಿಲ್ಲ. ಅಧ್ಯಾಪಕನಾಗಿದ್ದ ನನಗೆ ಇಲ್ಲಿ ಅತ್ಯಂತ ಪ್ರಿಯವಾದ ಸಂಗತಿಯೊಂದನ್ನು ಹೇಳದೆ ಮುಗಿಸಲಾರೆನು. 1937ರಿಂದ 1939ರವರೆಗೆ ಐರ್ಲೆಂಡಿನ ಜಾನಪದ ಆಯೋಗದವರು ಸುಮಾರು 5,000 ಪಾಠಶಾಲೆಗಳ ಮೂಲಕ ಒಂದು ಕಾರ್ಯವನ್ನು ನಡೆಸಿದರು. ಹನ್ನೊಂದರಿಂದ ಹದಿನಾಲ್ಕು ವರ್ಷದೊಳಗಿನ ಸುಮಾರು 50,000 ಮಕ್ಕಳು ತಮ್ಮ ತಂದೆತಾಯಿಗಳನ್ನೂ ಅಜ್ಜ ಅಜ್ಜಿಯರನ್ನೂ ನೆರೆಯ ಮುದುಕರನ್ನೂ ಕೇಳಿ, ಕಥೆಗಳನ್ನೂ ಮನೆಮದ್ದುಗಳನ್ನೂ ಹಬ್ಬದ ಆಚಾರಗಳನ್ನೂ ಹಿಂದಿನ ಊಟತಿಂಡಿಗಳನ್ನೂ ಕಾಪಿಪುಸ್ತಕಗಳಲ್ಲಿ ಬರೆದರು. ಉಪಾಧ್ಯಾಯರು ಅವನ್ನು ತಿದ್ದಿ ಕಳುಹಿಸಿಕೊಟ್ಟರು. ಕ್ಷಾಮದ ಕಾಲವನ್ನು ಕಂಡವರ ಮಕ್ಕಳು ಆಗ ಇನ್ನೂ ಬದುಕಿದ್ದರು. ಹತ್ತಿಪ್ಪತ್ತು ವರ್ಷ ತಡವಾಗಿದ್ದರೆ ಹೇಳುವವರೇ ಇರುತ್ತಿರಲಿಲ್ಲ. ಆ ಮಕ್ಕಳ ಬರೆಹವು ಇಂದು ಆ ದೇಶದ ಅಮೂಲ್ಯವಾದ ಭಂಡಾರಗಳಲ್ಲಿ ಒಂದಾಗಿದೆ. ಪರೀಕ್ಷೆಗಾಗಿ ಬರೆದ ಎಷ್ಟೋ ಕಾಪಿಪುಸ್ತಕಗಳು ರದ್ದಿಯ ಅಂಗಡಿಗೆ ಹೋಗಿರುವುದನ್ನು ನಾನು ಕಂಡಿದ್ದೇನೆ. ಅಜ್ಜಿಯನ್ನು ಕೇಳಿ ಬರೆದ ಈ ಪುಸ್ತಕಗಳು ಉಳಿದುವು.

ಆದುದರಿಂದ ಆ ಸೋದರಿಗೂ, ಮಕ್ಕಳನ್ನು ಪರದೇಶದಲ್ಲಿ ಬಿಟ್ಟಿರುವ ಇತರರಿಗೂ ನನ್ನ ವಿಜ್ಞಾಪನೆಯಿಷ್ಟು. ಆ ನಾಡಿನಲ್ಲಿ ಬೆಳೆಯುವ ಮಕ್ಕಳು ಆ ನಾಡಿನ ಹಬ್ಬವನ್ನು ಅರಿತು ಆಚರಿಸಲಿ; ದ್ರಾಕ್ಷಿಯ ರೊಟ್ಟಿಯನ್ನು ಮಾಡಿಕೊಡುವಾಗ ಹಸಿದವನು ಬಿಟ್ಟ ಜೇನಿನ ಕಥೆಯನ್ನೂ ಕ್ಷಾಮದ ಕಥೆಯನ್ನೂ ಹೇಳಿಕೊಡಿರಿ. ಕೆಲವು ವರ್ಷ ಯುಗಾದಿಯೂ ಇದೇ ವಾರದಲ್ಲಿ ಬರುವುದುಂಟು. 2026ರಲ್ಲಿ ಅದು ಮಾರ್ಚ್ 19ರಂದು, ಎಂದರೆ ಎರಡೇ ದಿನಗಳ ಅಂತರದಲ್ಲಿ ಬಿದ್ದಿದೆ. ಬೆಲ್ಲದೊಡನೆ ಬೇವನ್ನು ಬಾಯಿಗೆ ಹಾಕಿಕೊಳ್ಳುವ ಮಕ್ಕಳಿಗೆ, ಹಬ್ಬದ ರೊಟ್ಟಿಯ ಹಿಂದೆ ಹಸಿವಿನ ನೆನಪೂ ಇರುವುದೆಂದರೆ ಅರ್ಥವಾಗದಿರದು.

ಊರಿನಲ್ಲೇ ಇರುವವರಿಗೂ ಒಂದು ಕೆಲಸವುಂಟು. ನಮ್ಮ ಮನೆಗಳ ಹಿರಿಯರಿಗೆ ‘ಎಷ್ಟು ಹಾಕಬೇಕು?’ ಎಂದು ಕೇಳಿದರೆ ‘ಒಂದು ಹಿಡಿ’, ‘ಕಣ್ಣಂದಾಜು’ ಎನ್ನುತ್ತಾರೆ. ಆ ಹಿಡಿಯು ಅವರ ಕೈಯೊಡನೆಯೇ ಹೋಗುವಂತಹುದು. ಈ ಬೇಸಗೆಯ ರಜದಲ್ಲಿ ಮಕ್ಕಳ ಕೈಗೆ ಇನ್ನೂರು ಪುಟದ ಒಂದು ನೋಟುಪುಸ್ತಕವನ್ನು ಕೊಟ್ಟು, ಅಜ್ಜಿಯ ಪಕ್ಕದಲ್ಲಿ ಕೂರಿಸಿರಿ. ಆಕೆ ಹಿಡಿ ತುಂಬ ತೆಗೆದುದನ್ನು ಪಾತ್ರೆಗೆ ಹಾಕುವ ಮೊದಲು ಅಳತೆಯ ಬಟ್ಟಲಿಗೆ ಸುರಿದು ನೋಡಿ ಬರೆದುಕೊಳ್ಳಲಿ. ಯಾವ ಹಬ್ಬಕ್ಕೆ, ಯಾರಿಂದ ಕಲಿತುದು, ಬರಗಾಲದ ವರ್ಷದಲ್ಲಿ ಅದಕ್ಕೆ ಬದಲಾಗಿ ಏನು ಮಾಡುತ್ತಿದ್ದರು, ಇವುಗಳನ್ನೂ ಕೇಳಲಿ. ಪುಟದ ಮೇಲ್ಗಡೆ ತಾರೀಖನ್ನೂ ಹೇಳಿದವರ ಹೆಸರನ್ನೂ ಬರೆಯಲು ಮರೆಯದಿರಲಿ.